ಪಾತ್ರೆಯ ಹೊರಮೈಗೆ ಬೆಂಕಿ, ಒಳಮೈಗೆ ಹುಳಿ

ಬಯಲುಸೀಮೆಯಲ್ಲಿ ಅಡುಗೆ ಕಲಿಯುವವರಿಗೆ ಮೊದಲ ಪರೀಕ್ಷೆಯೆಂದರೆ ರಾಗಿಮುದ್ದೆ. ಎಸರು ಕುದಿಯಬೇಕು, ಹಿಟ್ಟು ಬೇಯಬೇಕು, ಆಮೇಲೆ ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು, ಗಂಟು ಉಳಿಯದಂತೆ ಕೋಲಿನಿಂದ ತೊಳಸಬೇಕು. ಚಿತ್ರದುರ್ಗ, ಹಿರಿಯೂರುಗಳ ಕಡೆ ಅಜ್ಜಿಯಂದಿರು ಸೌದೆಯ ಒಲೆಯ ಮೇಲೆ, ಮಣ್ಣಿನ ಗಡಿಗೆಯಲ್ಲಿ ಈ ಕೆಲಸವನ್ನು ತಳ ಹಿಡಿಯದಂತೆ ಮಾಡಿ ಮುಗಿಸುತ್ತಿದ್ದರು. ಮೊಮ್ಮಗಳು ಅದೇ ಹಿಟ್ಟನ್ನು, ಅದೇ ಅಳತೆಯ ನೀರಿನಲ್ಲಿ, ತೆಳ್ಳನೆಯ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯಲ್ಲಿ ಗ್ಯಾಸ್ ಒಲೆಯ ಮೇಲಿಟ್ಟರೆ ತಳದಲ್ಲಿ ಉಂಗುರದ ಆಕಾರದಲ್ಲಿ ಸೀದುಹೋಗುತ್ತದೆ. ಮನೆಯವರು ಸಾಮಾನ್ಯವಾಗಿ ಮೊಮ್ಮಗಳ ಕೈಯನ್ನೇ ದೂರುತ್ತಾರೆ. ಪಾತ್ರೆಯನ್ನು ಕೂಡ ಕೊಂಚ ವಿಚಾರಿಸಿಕೊಳ್ಳುವುದು ನ್ಯಾಯ.

ಅಡುಗೆಯ ಪಾತ್ರೆಗೆ ಎರಡು ಮೈಗಳುಂಟು. ಹೊರಮೈ ಬೆಂಕಿಯೊಡನೆ ವ್ಯವಹರಿಸುತ್ತದೆ. ಅದು ಭೌತವಿಜ್ಞಾನದ ಮಾತು. ಒಳಮೈ ಅನ್ನ, ಸಾರು, ಹಾಲು, ಹುಳಿಗಳೊಡನೆ ವ್ಯವಹರಿಸುತ್ತದೆ. ಅದು ರಸಾಯನವಿಜ್ಞಾನದ ಮಾತು. ಒಂದು ಮೈಗೆ ಒಪ್ಪುವ ಲೋಹ ಇನ್ನೊಂದಕ್ಕೆ ಒಪ್ಪದಿರಬಹುದು. ಪಾತ್ರೆಯ ಆಯ್ಕೆಯ ತೊಡಕೆಲ್ಲ ಇರುವುದು ಇಲ್ಲಿಯೇ.

ಮೊದಲು ಹೊರಮೈಯನ್ನು ನೋಡೋಣ. ತಾಮ್ರದ ಉಷ್ಣವಾಹಕತೆಯನ್ನು 100 ಎಂದು ಇಟ್ಟುಕೊಂಡರೆ ಅಲ್ಯುಮಿನಿಯಮ್ಮಿನದು ಸುಮಾರು 60, ಹಿತ್ತಾಳೆಯದು ಸುಮಾರು 30, ಕಬ್ಬಿಣದ್ದು 20 ಅಥವಾ ಅದಕ್ಕೂ ಕಡಮೆ. ಸ್ಟೇನ್‌ಲೆಸ್ ಸ್ಟೀಲಿನದು ಬರಿಯ 4. ಸುಟ್ಟ ಮಣ್ಣಿನದು 1ಕ್ಕೂ ಕಡಮೆ. ಹಾಗಾದರೆ ಮಣ್ಣಿಗಿಂತ ಸ್ಟೀಲೇ ಮೇಲಲ್ಲವೇ ಎಂದು ನೀವು ಕೇಳಬಹುದು. ಸ್ಟೀಲಿನ ಹಾಳೆ ತೀರ ತೆಳು. ಕೆಳಗಿನ ಶಾಖ ಅದನ್ನು ತಟ್ಟನೆ ದಾಟಿ ಮೇಲಕ್ಕೆ ಬರುತ್ತದೆ; ಆದರೆ ಪಕ್ಕಕ್ಕೆ ಹರಡಿಕೊಳ್ಳಲು ಅದಕ್ಕೆ ದಾರಿಯಿಲ್ಲ. ಉರಿ ಎಲ್ಲಿ ತಗುಲಿತೋ ಅಲ್ಲಿ ಮಾತ್ರ ತಳ ಕಾಯುತ್ತದೆ. ನೀರೋ ತಿಳಿಸಾರೋ ಆಗಿದ್ದರೆ ಚಿಂತೆಯಿಲ್ಲ. ಕಾದ ದ್ರವ ಮೇಲೇರಿ ತಣ್ಣನೆಯದು ಕೆಳಗಿಳಿದು ಶಾಖವನ್ನು ಹಂಚುತ್ತದೆ. ಮುದ್ದೆಯ ಹಿಟ್ಟಿಗೆ ಹಾಗೆ ಸುತ್ತಾಡುವ ಸ್ವಾತಂತ್ರ್ಯವಿಲ್ಲ. ಕೋಲು ತಿರುಗಿಸಿದರೆ ಮಾತ್ರ ಅದು ತಿರುಗೀತು. ಗಡಿಗೆಯಲ್ಲಿಯಾದರೋ ಗೋಡೆ ದಪ್ಪ, ಶಾಖದ ನಡಿಗೆ ನಿಧಾನ, ದುಂಡನೆಯ ತಳವನ್ನು ಸೌದೆಯ ಉರಿ ಎಲ್ಲ ಕಡೆಯಿಂದಲೂ ಬಳಸಿಕೊಳ್ಳುತ್ತದೆ. ಬೆಂಕಿ ನಂದಿಸಿದ ಮೇಲೂ ಗಡಿಗೆಯಲ್ಲಿ ಸಂಗ್ರಹವಾದ ಶಾಖ ಹಿಟ್ಟನ್ನು ಸ್ವಲ್ಪ ಹೊತ್ತು ಬೇಯಿಸುತ್ತಲೇ ಇರುತ್ತದೆ. ಗ್ಯಾಸ್ ಒಲೆಯವರಿಗೆ ಇದಕ್ಕೆ ಬದಲಾಗಿ ದೊರೆಯುವುದು ದಪ್ಪ ತಳದ ಅಲ್ಯುಮಿನಿಯಮ್ ಪಾತ್ರೆ, ಇಲ್ಲವೆ ಎರಡು ಸ್ಟೀಲ್ ಹಾಳೆಗಳ ನಡುವೆ ಅಲ್ಯುಮಿನಿಯಮ್ಮನ್ನು ಇಟ್ಟು ಬೆಸೆದ ಪಾತ್ರೆ.

ಮಣ್ಣಿನ ಪಾತ್ರೆಯ ವಿದ್ಯೆ ಈ ಸೀಮೆಗೆ ಬಹಳ ಹಳೆಯದು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಉತ್ಖನನ ನಡೆಸಿದಾಗ ಒಳಗೆ ಕಪ್ಪಾಗಿಯೂ ಹೊರಗೆ ಕೆಂಪಾಗಿಯೂ ಇರುವ ಮಡಕೆಯ ಚೂರುಗಳು ದೊರೆತವು. ಒಂದೇ ಜೇಡಿಗೆ ಎರಡು ಬಣ್ಣ ಹೇಗೆ? ಮಡಕೆಯನ್ನು ಬೋರಲು ಹಾಕಿ ಸುಟ್ಟಿರಬೇಕೆಂದು ವಿದ್ವಾಂಸರು ವಿವರಿಸುತ್ತಾರೆ. ಹೊರಗೆ ಗಾಳಿಯಾಡಿ ಜೇಡಿಯಲ್ಲಿನ ಕಬ್ಬಿಣ ಆಮ್ಲಜನಕದೊಡನೆ ಕೂಡಿ ಕೆಂಪು ಆಕ್ಸೈಡಾಯಿತು. ಒಳಗೆ ಗಾಳಿಯಿಲ್ಲದೆ ಹೊಗೆಯ ಇಂಗಾಲ ಕಪ್ಪಾಗಿ ಉಳಿಯಿತು. ನಮ್ಮ ಕುಂಬಾರರ ಮಡಕೆಗೆ ಗಾಜಿನ ಲೇಪವಿಲ್ಲದಿರುವುದೂ ಒಂದು ಅನುಕೂಲ. ಬಣ್ಣಬಣ್ಣದ ಹೊಳೆಯುವ ಲೇಪಗಳಲ್ಲಿ ಕೆಲವೊಮ್ಮೆ ಸೀಸ ಬೆರೆತಿರುವುದುಂಟು. ಹುಳಿ ಸೋಕಿದರೆ ಅದು ಆಹಾರಕ್ಕೆ ಇಳಿಯುತ್ತದೆ.

ಹುಳಿಯ ಮಾತು ಬಂದುದರಿಂದ ಇನ್ನು ಒಳಮೈಗೆ ಬರೋಣ.

ಹಿತ್ತಾಳೆಯ ಬಿಂದಿಗೆ ಮಂಕಾದರೆ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುತ್ತಾರೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಲೋಹದ ಮೇಲಿನ ಆಕ್ಸೈಡನ್ನು ಕರಗಿಸುತ್ತದೆ. ತಾಮ್ರ, ಸತುಗಳ ಲವಣಗಳು ನೀರಿನೊಡನೆ ಬಚ್ಚಲಿಗೆ ಹರಿದುಹೋಗುತ್ತವೆ. ತೊಳೆಯುವಾಗ ಹುಣಸೆ ಮಾಡುವ ಈ ಕೆಲಸವನ್ನೇ ಹುಳಿಸಾರು ಕುದಿಯುವಾಗಲೂ ಮಾಡುತ್ತದೆ. ಆಗ ಮಾತ್ರ ಕರಗಿದ ಲೋಹ ಬಚ್ಚಲಿಗೆ ಹೋಗುವುದಿಲ್ಲ. ಹಿತ್ತಾಳೆಯಲ್ಲಿ ಇಟ್ಟ ಮಜ್ಜಿಗೆ ಕಿಲುಬು ಹಿಡಿದು ವಾಂತಿ ತರಿಸುವ ಸಂಗತಿ ಹಿರಿಯರೆಲ್ಲರಿಗೂ ಗೊತ್ತು.

ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯವೇ ಕಲಾಯಿ. ಪಾತ್ರೆಯನ್ನು ಇದ್ದಲ ಬೆಂಕಿಯಲ್ಲಿ ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ, ತವರದ ಕಡ್ಡಿಯನ್ನು ತಾಗಿಸಿ, ಹತ್ತಿಯಿಂದ ಒಮ್ಮೆ ಬಳಸಿ ಒರೆಸಿದರೆ ಒಳಗೆಲ್ಲ ಬೆಳ್ಳಿಯಂತೆ ಹೊಳೆಯುತ್ತದೆ. ನವಸಾಗರವೆಂದರೆ ಅಮೋನಿಯಮ್ ಕ್ಲೋರೈಡ್. ಕಾದ ಪಾತ್ರೆಯ ಮೇಲೆ ಅದು ಒಡೆದು ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ಆ ಆಮ್ಲ ಲೋಹದ ಕೊಳೆಯನ್ನು ತಿಂದು ತವರಕ್ಕೆ ಚೊಕ್ಕಟವಾದ ನೆಲವನ್ನು ಒದಗಿಸುತ್ತದೆ. ಕಣ್ಣುರಿಸುವ ಬಿಳಿಯ ಹೊಗೆಯ ಗುಟ್ಟು ಇದೇ. ಅಡುಗೆಯ ಹುಳಿ ತವರವನ್ನು ಸುಲಭವಾಗಿ ಕರಗಿಸಲಾರದು. ಆದರೆ ತವರ 232 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುತ್ತದೆ. ಪಾತ್ರೆಯಲ್ಲಿ ನೀರಿರುವ ತನಕ ಒಳಮೈಯ ಉಷ್ಣತೆ ನೂರರ ಆಸುಪಾಸಿನಲ್ಲಿಯೇ ನಿಲ್ಲುವುದರಿಂದ ಭಯವಿಲ್ಲ. ಎಣ್ಣೆ ಕಾಯಿಸಿ ಒಗ್ಗರಣೆ ಹಾಕಲು ಕಲಾಯಿ ಪಾತ್ರೆಯನ್ನು ಬಳಸಿದರೆ ಮಾತ್ರ ಲೇಪ ಹರಿದು ಗುಡ್ಡೆಗಟ್ಟೀತು. ಇನ್ನೊಂದು ಎಚ್ಚರಿಕೆ: ತವರ ದುಬಾರಿ, ಸೀಸ ಅಗ್ಗ. ಸೀಸ ಬೆರೆಸಿದ ಕಲಾಯಿ ನೋಡಲು ಅಷ್ಟೇ ಅಂದವಾಗಿರುತ್ತದೆ. ಶುದ್ಧ ತವರವನ್ನೇ ಹಾಕುವ ನಂಬಿಕೆಯ ಕೈ ಸಿಗದಿದ್ದರೆ ಹಿತ್ತಾಳೆಯ ತಪ್ಪಲೆಯನ್ನು ಅಟ್ಟದ ಮೇಲೆ ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಕಲಾಯಿಯಿಲ್ಲದ ಹಿತ್ತಾಳೆಯಿಂದ ನಮ್ಮ ದೇಶದಲ್ಲಿ ಆಗಿಹೋದ ಅನಾಹುತವೊಂದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಒಂದೆರಡು ವರ್ಷದ ಎಳೆಯ ಮಕ್ಕಳ ಪಿತ್ತಜನಕಾಂಗ ಗಟ್ಟಿಯಾಗಿ, ಮಕ್ಕಳು ತಿಂಗಳುಗಳಲ್ಲಿಯೇ ಸಾಯುತ್ತಿದ್ದ ರೋಗವೊಂದು ಭಾರತದ ಹಲವು ಕಡೆ ಇತ್ತು. ಒಂದೇ ಮನೆಯ ಎರಡನೆಯ ಮಗುವಿಗೂ ಬರುತ್ತಿದ್ದುದರಿಂದ ಅದು ವಂಶದ ದೋಷವೆಂದು ಬಹುಕಾಲ ಶಂಕಿಸಿದ್ದರು. ಸತ್ತ ಮಕ್ಕಳ ಪಿತ್ತಜನಕಾಂಗದಲ್ಲಿ ತಾಮ್ರ ಅತಿಯಾಗಿತ್ತು. ಪುಣೆಯ ಸುತ್ತಿನ ಮನೆಗಳಲ್ಲಿ ವಿಚಾರಿಸಿದ ವೈದ್ಯರು, ತಾಯಿಹಾಲಿನ ಬದಲು ಎಳೆಯ ವಯಸ್ಸಿನಲ್ಲಿಯೇ ಹಸುವಿನ ಅಥವಾ ಎಮ್ಮೆಯ ಹಾಲನ್ನು ಕೊಟ್ಟಿದ್ದುದನ್ನೂ, ಆ ಹಾಲನ್ನು ಕಾಯಿಸಿ ಇಡುತ್ತಿದ್ದುದು ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರಗಳ ಪಾತ್ರೆಯಲ್ಲಿ ಎಂಬುದನ್ನೂ ಕಂಡರು. 1983ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹಾಲು ಹುಳಿಯಲ್ಲವಲ್ಲ ಎನ್ನುವಿರೇನು? ಹಾಲಿನ ಪ್ರೋಟೀನಾದ ಕೇಸೀನ್ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎಳೆಯ ಮಗುವಿನ ಪಿತ್ತಜನಕಾಂಗಕ್ಕೆ ಹೆಚ್ಚಿನ ತಾಮ್ರವನ್ನು ಹೊರಹಾಕುವ ಶಕ್ತಿಯಿಲ್ಲ. ಮನೆಗಳಲ್ಲಿ ಹಿತ್ತಾಳೆ ಹಿಂದೆ ಸರಿದು ಸ್ಟೀಲು, ಅಲ್ಯುಮಿನಿಯಮ್ಮುಗಳು ಬಂದಂತೆ ಈ ರೋಗ ಬಹುಮಟ್ಟಿಗೆ ಕಾಣೆಯಾಯಿತು.

ಹಾಗೆಂದು ತಾಮ್ರವನ್ನು ಕಂಡೊಡನೆ ಹೆದರಬೇಕಾಗಿಲ್ಲ. ತಾಮ್ರದ ಬಿಂದಿಗೆಯಲ್ಲಿ 16 ಗಂಟೆಗಳ ಕಾಲ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಗಳು ಬದುಕಿ ಉಳಿಯಲಿಲ್ಲವೆಂದೂ, ನೀರಿಗೆ ಸೇರಿದ ತಾಮ್ರವು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 2 ಮಿಲಿಗ್ರಾಮಿಗಿಂತ ಬಹಳ ಕಡಮೆಯೆಂದೂ ಬೆಂಗಳೂರಿನ ವಿಜ್ಞಾನಿಗಳು 2012ರಲ್ಲಿ ವರದಿ ಮಾಡಿದರು. ಬರಿಯ ನೀರಿಗೆ ಒಪ್ಪುವ ಪಾತ್ರೆ ಹಾಲಿಗೂ ಹುಳಿಗೂ ಒಪ್ಪಲಿಲ್ಲ, ಅಷ್ಟೆ. ಹೊಳಲ್ಕೆರೆ, ಭೀಮಸಮುದ್ರಗಳ ಕಡೆ ಅಡಕೆ ಬೇಯಿಸಲು ತಾಮ್ರದ ಹಂಡೆಯನ್ನು ಬಳಸುವುದನ್ನು ನೀವು ಕಂಡಿರಬಹುದು. ಅಡಕೆಯ ಚೊಗರಿನಲ್ಲಿ ಟ್ಯಾನಿನ್ ಇದೆ. ಕಬ್ಬಿಣದೊಡನೆ ಅದು ಕೂಡಿದರೆ ಶಾಯಿಯಂತೆ ಕಪ್ಪಾಗುತ್ತದೆ. ಚಿತ್ರದುರ್ಗದ ಸಮೀಪದ ಇಂಗಳದಾಳಿನಲ್ಲಿ ತಾಮ್ರದ ಅದಿರನ್ನೇ ತೋಡುತ್ತಿದ್ದ ಕಾಲವೂ ಒಂದಿತ್ತು.

ಕಬ್ಬಿಣಕ್ಕೂ ಇದೇ ಗುಣವುಂಟು. ಅದೂ ಹುಳಿಗೆ ಕರಗುತ್ತದೆ. ಆದರೆ ಇಲ್ಲಿ ಕರಗುವುದು ಶರೀರಕ್ಕೆ ಬೇಕಾದ ಧಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಇಥಿಯೋಪಿಯದಲ್ಲಿ ಕೆಲವು ಮನೆಗಳಿಗೆ ಕಬ್ಬಿಣದ ಪಾತ್ರೆಯನ್ನೂ ಕೆಲವಕ್ಕೆ ಅಲ್ಯುಮಿನಿಯಮ್ ಪಾತ್ರೆಯನ್ನೂ ಕೊಟ್ಟು ನಡೆಸಿ 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಬ್ಬಿಣದ ಪಾತ್ರೆಯ ಮನೆಯ ಮಕ್ಕಳ ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚಾಗಿ ಏರಿತು. ಬಾಣಲೆಯಲ್ಲಿ ಮಾಡಿದ ಸೊಪ್ಪಿನ ಪಲ್ಯ ಕೊಂಚ ಕಪ್ಪಾದರೆ ಮುಖ ಗಂಟಿಕ್ಕದಿರಿ. ಬೆಂದ ಮೇಲೆ ಅದರಲ್ಲಿಯೇ ಬಿಡದೆ ಬೇರೆ ಪಾತ್ರೆಗೆ ಬಗ್ಗಿಸಿ, ಬಾಣಲೆಯನ್ನು ಒರಸಿ ಎಣ್ಣೆ ಸವರಿಟ್ಟರೆ ತುಕ್ಕೂ ಹತ್ತದು. ಒಗ್ಗರಣೆಗೂ ರೊಟ್ಟಿಗೂ ಇದಕ್ಕೆ ಸಮನಾದುದಿಲ್ಲ. ಅಂಟದ ಲೇಪದ ಹೆಂಚುಗಳು ದೋಸೆಗೆ ಅನುಕೂಲವೇನೋ ಹೌದು; ಬರಿದಾಗಿ ಉರಿಯ ಮೇಲೆ ಮರೆತು ಬಿಟ್ಟರೆ ಲೇಪ ಕೆಟ್ಟು ಹೊಗೆ ಕಾರುತ್ತದೆ.

ಸ್ಟೇನ್‌ಲೆಸ್ ಸ್ಟೀಲಿನ ಒಳಮೈ ಎಲ್ಲಕ್ಕಿಂತ ಮೌನಿ. ಅದರಲ್ಲಿ ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಕಡಮೆಯಿಲ್ಲದ ಕ್ರೋಮಿಯಮ್ ಇರುತ್ತದೆ. ಅದರ ಆಕ್ಸೈಡು ಕಣ್ಣಿಗೆ ಕಾಣದ ಪೊರೆಯಾಗಿ ಲೋಹವನ್ನು ಕಾಯುತ್ತದೆ, ಗೀರಿದರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಹುಳಿಗೂ ಹಾಲಿಗೂ ಇಂದಿನ ಮನೆಗಳಲ್ಲಿ ಇದಕ್ಕಿಂತ ನಿಶ್ಚಿಂತೆಯ ಲೋಹವಿಲ್ಲ.

ಅಲ್ಯುಮಿನಿಯಮ್ಮಿಗೂ ಆಕ್ಸೈಡಿನ ಪೊರೆಯುಂಟು. ಆದರೆ ಹುಳಿಯೂ ಅಡುಗೆ ಸೋಡವೂ ಅದನ್ನು ತಿನ್ನುತ್ತವೆ. ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಿ. ಕೊಳವೆಬಾವಿಯ ಗಡಸು ನೀರು ಕಾಯಿಸಿ ಕಾಯಿಸಿ ಒಳಗೆ ಕಪ್ಪಾದ ಅಲ್ಯುಮಿನಿಯಮ್ ಪಾತ್ರೆಯಲ್ಲಿ ಹುಣಸೆಯ ನೀರನ್ನು ಹತ್ತು ನಿಮಿಷ ಕುದಿಸಿ. ಪಾತ್ರೆ ಬೆಳ್ಳಗಾಗುತ್ತದೆ. ಆ ಕಪ್ಪು ಎಲ್ಲಿಗೆ ಹೋಯಿತೆಂದು ಯೋಚಿಸಿ, ನೀರನ್ನು ಚೆಲ್ಲಿಬಿಡಿ. ಮುದ್ದೆಗೆ, ಅನ್ನಕ್ಕೆ ಈ ಲೋಹ ಸಾಕು, ಹುಳಿಸಾರಿಗೆ ಬೇಡ. ಗುಜರಿ ಲೋಹವನ್ನು ಕರಗಿಸಿ ಎರಕ ಹೊಯ್ದ ಅಗ್ಗದ ಪಾತ್ರೆಗಳನ್ನಂತೂ ಕೊಳ್ಳಲೇಬಾರದು. ಅಂಥವುಗಳಲ್ಲಿ ಸೀಸ ಸಿಕ್ಕಿದ ನಿದರ್ಶನಗಳು ಹಲವು ದೇಶಗಳಿಂದ ವರದಿಯಾಗಿವೆ.

ನಮ್ಮ ಜಿಲ್ಲೆಗೆ ವಿಶೇಷವಾಗಿ ಸಂಬಂಧಿಸಿದ ಪ್ರಶ್ನೆಯೊಂದು ಇಲ್ಲಿ ಏಳುತ್ತದೆ. ಚಿತ್ರದುರ್ಗ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕ. 1987ರಲ್ಲಿ ಶ್ರೀಲಂಕಾದ ಇಬ್ಬರು ವಿಜ್ಞಾನಿಗಳು, ನೀರಿನ ಫ್ಲೋರೈಡು ಅಲ್ಯುಮಿನಿಯಮ್ ಪಾತ್ರೆಯಿಂದ ಲೋಹವನ್ನು ಅಪಾರವಾಗಿ ಎಳೆಯುತ್ತದೆಂದು 'ನೇಚರ್' ಪತ್ರಿಕೆಯಲ್ಲಿ ಬರೆದರು. ಸುದ್ದಿ ಜಗತ್ತನ್ನೇ ಗಾಬರಿಗೊಳಿಸಿತು. ಅದೇ ವರ್ಷ ಬೇರೆ ಪ್ರಯೋಗಶಾಲೆಗಳು ಪರೀಕ್ಷಿಸಿದಾಗ ಅಷ್ಟೊಂದು ಲೋಹ ಸಿಗಲಿಲ್ಲ; ಬರೆದವರೇ ತಮ್ಮ ಅಂಕಿಗಳನ್ನು ತಿದ್ದಿಕೊಂಡರು. ಫ್ಲೋರೈಡಿಗಿಂತ ಹುಳಿಯ ಪ್ರಭಾವವೇ ದೊಡ್ಡದೆಂದು ಈಗ ತಿಳಿದಿದೆ.

ಆದರೆ ಫ್ಲೋರೈಡು ತಾನಾಗಿಯೇ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯನ್ನು ಮೀರಬಾರದು ಎಂಬುದು ಭಾರತೀಯ ಮಾನಕ. ಯಾವ ಲೋಹದ ಪಾತ್ರೆಯಲ್ಲಿ ಕುದಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡು ಹಿಂದೆ ಉಳಿಯುವುದರಿಂದ, ಎರಡು ಲೀಟರನ್ನು ಕುದಿಸಿ ಒಂದು ಲೀಟರಿಗೆ ಇಳಿಸಿದರೆ ಅದರ ಸಾಂದ್ರತೆ ಇಮ್ಮಡಿಯಾಗುತ್ತದೆ. ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದಂಥ ಜಲಾಶಯಗಳ ನೀರಿನಲ್ಲಿ ಈ ದೋಷ ಕಡಮೆ. ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಕೊಳವೆಬಾವಿಯನ್ನೇ ನೆಚ್ಚಿದವರು ನೀರನ್ನು ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ಶುದ್ಧೀಕರಣ ಘಟಕದ ನೀರನ್ನೇ ಕುಡಿಯುವುದಕ್ಕೂ ಎಸರಿಗೂ ತರಬೇಕು. ಬೇಳೆ ಬೇಯುವಾಗ, ಅನ್ನ ಆಗುವಾಗ ಹೀರಿಕೊಳ್ಳುವುದು ಆ ನೀರನ್ನೇ ತಾನೆ.