ದರೋಜಿಯ ಕರಡಿಗಳನ್ನು ಕಾಣಲು ಹೊರಡುವ ಮುನ್ನ

ಆಫ್ರಿಕಾದ ಯುಗಾಂಡ ಮತ್ತು ರುವಾಂಡ ದೇಶಗಳಲ್ಲಿ ಪರ್ವತ ಗೊರಿಲ್ಲಾಗಳನ್ನು ನೋಡಬಯಸುವವರು ಮೊದಲು ನಿಯಮಗಳನ್ನು ಕಲಿಯಬೇಕು. ಒಂದು ತಂಡದಲ್ಲಿ 8 ಪ್ರವಾಸಿಗರಿಗಿಂತ ಹೆಚ್ಚು ಇರುವಂತಿಲ್ಲ. 15 ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಮಾರ್ಗದರ್ಶಿಯ ಹಿಂದೆ ಗಂಟೆಗಟ್ಟಲೆ ಬೆಟ್ಟ ಹತ್ತಿದರೂ ಗೊರಿಲ್ಲಾಗಳ ಸಮ್ಮುಖದಲ್ಲಿ ಒಂದೇ ಗಂಟೆಯ ಅವಕಾಶ. ರುವಾಂಡದಲ್ಲಿ ಇದಕ್ಕೆ ತೆರಬೇಕಾದ ಶುಲ್ಕ 1,500 ಡಾಲರ್. ನೆಗಡಿ, ಕೆಮ್ಮು ಇದ್ದವರು ಅಷ್ಟು ಹಣ ಕೊಟ್ಟಿದ್ದರೂ ಹಿಂತಿರುಗಬೇಕಾಗುತ್ತದೆ; ಏಕೆಂದರೆ ಮನುಷ್ಯನ ಶ್ವಾಸಕೋಶದ ಸೋಂಕು ಗೊರಿಲ್ಲಾಗಳಿಗೆ ಮಾರಕವಾಗಬಲ್ಲುದು. 2018ರಲ್ಲಿ ಪ್ರಕಟವಾದ ಗಣತಿಯ ಪ್ರಕಾರ ಅವುಗಳ ಸಂಖ್ಯೆ ಸಾವಿರದ ಆಸುಪಾಸಿನಲ್ಲಿತ್ತು.

ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಜನರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಬಳ್ಳಾರಿಯಿಂದ ಸುಮಾರು 50 ಕಿ.ಮೀ. ಅಂತರದಲ್ಲಿಯೇ ದರೋಜಿ ಕರಡಿಧಾಮವಿದೆ. ಆದರೆ ಗೊರಿಲ್ಲಾ ನೋಡಲು ಹೋಗುವವರು ಮಾಡಿಕೊಳ್ಳುವ ಸಿದ್ಧತೆಯಲ್ಲಿ ಹತ್ತನೇ ಒಂದಂಶವನ್ನೂ ನಾವು ಇಲ್ಲಿಗೆ ಹೊರಡುವಾಗ ಮಾಡಿಕೊಳ್ಳುವುದಿಲ್ಲ. ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಹೋದಂತೆ ಹೋಗಿ, ಗದ್ದಲವೆಬ್ಬಿಸಿ, ಕರಡಿಯೇ ಕಾಣಲಿಲ್ಲವೆಂದು ಗೊಣಗುತ್ತ ಮರಳುವವರುಂಟು.

ಬಿಳಿಕಲ್ಲು ಮೀಸಲು ಅರಣ್ಯವನ್ನು ಒಳಗೊಂಡ ಈ ಪ್ರದೇಶವನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಬಳಿಕ ಬುಕ್ಕಸಾಗರದ ಅರಣ್ಯವೂ ಸೇರಿ ಈಗ ಅದರ ವಿಸ್ತೀರ್ಣ ಸುಮಾರು 82 ಚದರ ಕಿ.ಮೀ. ಹೆಸರು ದರೋಜಿಯದಾದರೂ ಪ್ರವಾಸಿಗರ ಪ್ರವೇಶ ಕಮಲಾಪುರದ ಕಡೆಯಿಂದ. ಹಾಗಾಗಿ ದರೋಜಿ ನಿಲ್ದಾಣದಲ್ಲಿ ರೈಲಿನಿಂದ ಇಳಿದರೆ ಪ್ರಯೋಜನವಿಲ್ಲ. ಕುರುಗೋಡು, ಸಿರುಗುಪ್ಪದ ಕಡೆಯವರು ಕಂಪ್ಲಿಯ ಮೂಲಕ ಕಮಲಾಪುರ ತಲುಪುವುದು ಒಳಿತು. ಪ್ರವೇಶ ಮಧ್ಯಾಹ್ನದ ನಂತರ. ಸಂಜೆ ಆರರ ಹೊತ್ತಿಗೆ ಹೊರಬರಬೇಕು. ಸಮಯ, ಶುಲ್ಕಗಳು ಬದಲಾಗುವುದುಂಟಾದ್ದರಿಂದ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.

ಇಲ್ಲಿ ಕಾಡಿನೊಳಗೆ ನಡೆದಾಡುವಂತಿಲ್ಲ. ವೀಕ್ಷಣಾ ಗೋಪುರದಲ್ಲಿ ಕುಳಿತು ಎದುರಿನ ಕರಡಿಕಲ್ಲು ಗುಡ್ಡವನ್ನು ನೋಡುತ್ತ ಕಾಯಬೇಕು. ಅಂತರ ಸಾಕಷ್ಟಿರುವುದರಿಂದ ದೂರದರ್ಶಕವಿಲ್ಲದೆ ಹೋದವರಿಗೆ ಕಪ್ಪು ಚುಕ್ಕೆಗಳಷ್ಟೇ ಕಂಡಾವು. ಮೊಬೈಲ್ ಕ್ಯಾಮೆರಾವನ್ನು ನಂಬುವಂತಿಲ್ಲ. ಮಣ್ಣಿನ ಅಥವಾ ಒಣಹುಲ್ಲಿನ ಬಣ್ಣದ ಉಡುಪು, ಕುಡಿಯುವ ನೀರು, ಟೋಪಿ ಇದ್ದರೆ ಸಾಕು. ಸುಗಂಧ ದ್ರವ್ಯ ಬೇಡವೇ ಬೇಡ. ಕರಡಿಯ ಕಣ್ಣು, ಕಿವಿ ಮಂದವಾದರೂ ಮೂಗು ಅತಿ ಚುರುಕು. ನೆಲದಡಿಯ ಗೆದ್ದಲನ್ನೂ ಅದು ವಾಸನೆಯಿಂದಲೇ ಪತ್ತೆ ಹಚ್ಚುತ್ತದೆ. ಮೇಲ್ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲುಗಳಿಲ್ಲದಿರುವುದು ಗೆದ್ದಲನ್ನು ಹೀರಲು ಅನುಕೂಲವಾಗಿದೆ. ಚಳಿಗಾಲದಲ್ಲಿ ಗುಹೆಯೊಳಗೆ ಹುಟ್ಟಿದ ಮರಿಗಳು ಎರಡು ಮೂರು ತಿಂಗಳ ಬಳಿಕ ತಾಯಿಯ ಬೆನ್ನೇರಿ ಹೊರಬರುತ್ತವೆ. ಬೇಸಗೆಯ ಆರಂಭದಲ್ಲಿ ಈ ನೋಟ ದೊರೆತವರು ಭಾಗ್ಯವಂತರು.

ಗುಡ್ಡದ ಬಂಡೆಗಳಿಗೆ ಅರಣ್ಯ ಸಿಬ್ಬಂದಿ ಬೆಲ್ಲದ ಪಾಕ ಸವರುವ ರೂಢಿಯಿಂದಾಗಿ ಕರಡಿಗಳು ಸಂಜೆ ಇಲ್ಲಿಗೆ ಬರುತ್ತವೆ. ಕಾಡುಪ್ರಾಣಿಗೆ ಹೀಗೆ ರುಚಿ ಹತ್ತಿಸುವುದು ಸರಿಯೇ ಎಂಬ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಕಾರೆ, ಬಾರೆ, ಕವಳೆ ಹಣ್ಣುಗಳೂ ಹುತ್ತಗಳೂ ಸಮೃದ್ಧವಾಗಿದ್ದರೆ ಬೆಲ್ಲದ ಹಂಗು ಕರಡಿಗಿರುತ್ತಿರಲಿಲ್ಲ. ಪ್ರವಾಸಿಗರಂತೂ ತಾವಾಗಿ ಯಾವ ತಿಂಡಿಯನ್ನೂ ಎಸೆಯಕೂಡದು. ಕರಡಿಗಾಗಿ ಕಾಯುವ ಹೊತ್ತಿನಲ್ಲಿ ನವಿಲು, ಚಿಟ್ಟುಕೋಳಿ, ಮುಂಗುಸಿಗಳು ಬಂಡೆಗಳ ಮೇಲೆ ಸುಳಿಯುತ್ತವೆ.

ನಿಜವಾದ ಅಪಾಯವಿರುವುದು ಗೋಪುರದಲ್ಲಲ್ಲ, ಗುಡ್ಡದಂಚಿನ ಹೊಲಗಳಲ್ಲಿ. ಕುರುಗೋಡು, ಕಂಪ್ಲಿ, ಸಂಡೂರು ಸೀಮೆಯ ಕಲ್ಲುಗುಡ್ಡಗಳಿಗೆ ಬೇಲಿಯಿಲ್ಲ. ಕರಡಿಗೆ ಧಾಮದ ಗಡಿ ತಿಳಿಯದು. ಕರಡಿ ಮನುಷ್ಯನನ್ನು ತಿನ್ನಲು ಅರಸಿ ಬರುವ ಪ್ರಾಣಿಯಲ್ಲ. ದೃಷ್ಟಿ ಮಂದವಾದ ಅದು ಎದುರಾದವನನ್ನು ಹತ್ತಿರಕ್ಕೆ ಬರುವವರೆಗೆ ಗುರುತಿಸದೆ, ಬೆಚ್ಚಿಬಿದ್ದು ಮೇಲೆರಗುತ್ತದೆ. ಜೊತೆಯಲ್ಲಿ ಮರಿಯಿದ್ದರೆ ಹೇಳುವುದೇ ಬೇಡ. ಆದಕಾರಣ ಗೋಪುರದಲ್ಲಿ ಮೌನ ಎಷ್ಟು ಅಗತ್ಯವೋ ಹೊಲದ ದಾರಿಯಲ್ಲಿ ಸದ್ದು ಅಷ್ಟೇ ಅಗತ್ಯ. ಮಬ್ಬುಗತ್ತಲಲ್ಲಿ ಒಬ್ಬರೇ ಹೋಗದೆ, ಮಾತನಾಡುತ್ತಲೋ ಕೋಲಿನಿಂದ ನೆಲ ಕುಟ್ಟುತ್ತಲೋ ಗುಂಪಾಗಿ ಸಾಗಬೇಕು. ದೂರದಲ್ಲಿ ಕಂಡರೆ ಓಡದೆ, ಕಲ್ಲೆಸೆಯದೆ, ಮೆಲ್ಲನೆ ಹಿಂದೆ ಸರಿಯಬೇಕು. ಮೇಲೆಯೇ ಎರಗಿದರೆ ಬೋರಲಾಗಿ ಮಲಗಿ, ಎರಡೂ ಕೈಗಳಿಂದ ಕತ್ತಿನ ಹಿಂಭಾಗವನ್ನು ರಕ್ಷಿಸಿಕೊಳ್ಳಬೇಕೆಂಬುದು ತಜ್ಞರ ಸಲಹೆ.

ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಚ್ಛೇದದಲ್ಲಿದೆ. ಅಂದರೆ ಹುಲಿಗಿರುವಷ್ಟೇ ರಕ್ಷಣೆ ಇದಕ್ಕೂ ಉಂಟು. ಆದರೆ ಬರಿಯ ಕಾಯ್ದೆಯಿಂದ ಜೀವಿಯೊಂದು ಉಳಿಯುವುದಿಲ್ಲವೆಂಬುದು ಸಿರುಗುಪ್ಪದವರಿಗೆ ತಿಳಿದದ್ದೇ. ಅಲ್ಲಿನ ಎರೆಭೂಮಿಯ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯೂ ಇದೇ ಪರಿಚ್ಛೇದದಲ್ಲಿದೆ. ಅದನ್ನು ಈಗ ಬೆರಳೆಣಿಕೆಯಲ್ಲಿ ಹುಡುಕಬೇಕಾಗಿದೆ.