ನಗೆಯ ಕಾದಂಬರಿಯೂ ನಮ್ಮಂತಹ ಕಥಾನಾಯಿಕೆಯೂ

ಹೆಣ್ಣುಮಕ್ಕಳ ಕೈಯಲ್ಲಿ ಕಾದಂಬರಿಯನ್ನು ಕಂಡೊಡನೆ ಹುಬ್ಬು ಗಂಟಿಕ್ಕುವ ತಂದೆತಾಯಿಗಳು ಎಲ್ಲ ಕಾಲದಲ್ಲಿಯೂ ಉಂಟು. ಕಟ್ಟುಕಥೆಗಳನ್ನು ಓದಿ ಓದಿ ಮಗಳು ಅದನ್ನೇ ಲೋಕವೆಂದು ನಂಬಿಬಿಟ್ಟಾಳೆಂಬುದು ಅವರ ಅಂಜಿಕೆ. ಇದು ತಳ್ಳಿಹಾಕತಕ್ಕ ಅಂಜಿಕೆಯೇನೂ ಅಲ್ಲ. ಆದರೆ ಇದನ್ನೇ ವಸ್ತುವನ್ನಾಗಿ ಮಾಡಿಕೊಂಡು ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗಳು ಒಂದು ಹಾಸ್ಯ ಕಾದಂಬರಿಯನ್ನೇ ಬರೆದಿರುವಳು. ಜೇನ್ ಆಸ್ಟೆನ್‌ಳ 'ನಾರ್ಥ್ಯಾಂಗರ್ ಆ್ಯಬಿ' ಎಂಬುದೇ ಆ ಗ್ರಂಥ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಅವರ ಹಿರಿಯರೂ ಅದನ್ನು ಕೂಡಿ ಓದಬೇಕೆಂದು ನನ್ನ ಆಶೆ.

ಆ ಕಾಲದ ಕಾದಂಬರಿಗಳ ನಾಯಿಕೆಯೆಂದರೆ ಅಪ್ರತಿಮ ಸುಂದರಿ. ಸಕಲ ಕಲೆಗಳನ್ನೂ ಬಲ್ಲವಳು. ಸಂಕಟ ಬಂದಾಗಲೆಲ್ಲ ಮೂರ್ಛೆ ಹೋಗತಕ್ಕವಳು. ಕ್ಯಾಥರಿನ್ ಮಾರ್ಲಂಡ್ ಹಾಗಲ್ಲ. ಹಳ್ಳಿಯ ಪಾದ್ರಿಯೊಬ್ಬರ ಹತ್ತು ಮಕ್ಕಳಲ್ಲಿ ಒಬ್ಬಳು. ಚಿಕ್ಕಂದಿನಲ್ಲಿ ಅವಳಿಗೆ ಗೊಂಬೆಗಿಂತ ಕ್ರಿಕೆಟ್ ಆಟವೇ ಇಷ್ಟ. ಮನೆಯ ಹಿಂದಿನ ಹುಲ್ಲಿನ ಇಳಿಜಾರಿನಲ್ಲಿ ಉರುಳುವುದೆಂದರೆ ಪ್ರಾಣ. ಸಂಗೀತವನ್ನು ಒಂದು ವರ್ಷ ಕಲಿತು ಬಿಟ್ಟಳು. ಮೇಷ್ಟರನ್ನು ಕಳುಹಿಸಿಬಿಟ್ಟ ದಿನವೇ ಅವಳಿಗೆ ಹಬ್ಬ. ಹಾರ್ಮೋನಿಯಮ್ಮಿನ ಮುಂದೆ ಕುಳಿತು ಗಡಿಯಾರವನ್ನು ನೋಡುತ್ತಿದ್ದ ನಮಗೆ ಇವಳು ಅಪರಿಚಿತಳೇ?

ಹದಿನೇಳನೆಯ ವಯಸ್ಸಿನಲ್ಲಿ ಅವಳು ನೆರೆಮನೆಯವರೊಡನೆ ಬಾತ್ ಪಟ್ಟಣಕ್ಕೆ ಹೋಗುತ್ತಾಳೆ. ಅಲ್ಲಿ ಇಸಬೆಲ್ಲಾ ಎಂಬ ಸವಿಮಾತಿನ ಗೆಳತಿಯ ಸಹವಾಸ. ಇಬ್ಬರೂ ಕೂಡಿ ಭಯಂಕರ ಕಥೆಗಳನ್ನು ಓದತೊಡಗುತ್ತಾರೆ. 1794ರಲ್ಲಿ ಪ್ರಕಟವಾದ ಆ್ಯನ್ ರ್‍ಯಾಡ್‌ಕ್ಲಿಫ್‌ಳ 'ಉಡಾಲ್ಫೋ' ಅವುಗಳಲ್ಲಿ ಮುಖ್ಯವಾದುದು. ಅಷ್ಟರಲ್ಲಿ ಜನರಲ್ ಟಿಲ್ನಿ ಎಂಬ ಶ್ರೀಮಂತನು ಅವಳನ್ನು ತನ್ನ ಮನೆಗೆ ಕರೆಯುತ್ತಾನೆ. ಅದು ಹಿಂದೆ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡ! ಕ್ಯಾಥರಿನ್‌ಳಿಗೆ ಇನ್ನೇನು ಬೇಕು? ಕೋಣೆಯಲ್ಲಿ ಭಾರವಾದ ಹಳೆಯ ಪೆಟ್ಟಿಗೆಯೊಂದು ಕಾಣುತ್ತದೆ. ನಡುಗುವ ಕೈಯಿಂದ ಮುಚ್ಚಳವನ್ನೆತ್ತಿದರೆ ಒಳಗೆ ಮಡಿಸಿಟ್ಟ ಬಿಳಿಯ ಹಚ್ಚಡ. ಅದೇ ರಾತ್ರಿ ಬಿರುಗಾಳಿ ಮಳೆ. ಕೋಣೆಯಲ್ಲಿ ಒಂದು ಕಪ್ಪು ಕಪಾಟು. ಅದರೊಳಗೆ ಸುರುಳಿ ಸುತ್ತಿದ ಕಾಗದಗಳು ಸಿಕ್ಕುತ್ತವೆ. ಬೆಳಕು ಹೆಚ್ಚಲೆಂದು ಮೇಣದ ಬತ್ತಿಯ ಕುಡಿಯನ್ನು ಕತ್ತರಿಸಹೋಗಿ ದೀಪವನ್ನೇ ಆರಿಸಿಬಿಡುತ್ತಾಳೆ. ಬಹಳ ಹೊತ್ತು ನಿದ್ದೆಯಿಲ್ಲದೆ ಹೊರಳಾಡಿ, ಬೆಳಕು ಹರಿದ ಮೇಲೆ ಬಿಡಿಸಿ ನೋಡುತ್ತಾಳೆ: ಅಂಗಿ ಇಷ್ಟು, ಕಾಲುಚೀಲ ಇಷ್ಟು. ಅಗಸಗಿತ್ತಿಯ ಲೆಕ್ಕ!

ಇಲ್ಲಿ ನಗದವರು ಯಾರು? ಆದರೂ ಗ್ರಂಥಕರ್ತ್ರಿಯು ಹುಡುಗಿಯನ್ನು ಹೀನೈಸುವುದಿಲ್ಲ. ಅವಳು ಜನರಲನೇ ಹೆಂಡತಿಯನ್ನು ಕೊಂದಿರಬೇಕೆಂದು ಶಂಕಿಸಿದಾಗ ಅವನ ಮಗ ಹೆನ್ರಿಯು ಅವಳ ತಪ್ಪನ್ನು ತಿಳಿಸುತ್ತಾನೆ. ಅವಳು ನಾಚಿ ಅಳುತ್ತಾಳೆ. ನಮ್ಮ ನಗೆಯೂ ಅಲ್ಲಿಗೆ ನಿಲ್ಲುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದುದು ಇದರ ಮುಂದಿನ ಭಾಗ. ಜನರಲನು ಕೊಲೆಗಡುಕನಲ್ಲ, ನಿಜ. ಆದರೆ ಒಳ್ಳೆಯವನೂ ಅಲ್ಲ. ಹುಡುಗಿಗೆ ತಾನು ಭಾವಿಸಿದ್ದಷ್ಟು ಹಣವಿಲ್ಲವೆಂದು ತಿಳಿದೊಡನೆ, ಜೊತೆಗೊಬ್ಬ ಆಳನ್ನೂ ಕೊಡದೆ, ಎಪ್ಪತ್ತು ಮೈಲಿಯ ದಾರಿಗೆ ಅವಳನ್ನು ಒಬ್ಬಳನ್ನೇ ಹೊರಡಿಸುತ್ತಾನೆ. ಇಸಬೆಲ್ಲಾಳಾದರೋ ಕ್ಯಾಥರಿನ್‌ಳ ಅಣ್ಣನಿಗೆ ಮಾತು ಕೊಟ್ಟು, ಹೆಚ್ಚಿನ ಐಶ್ವರ್ಯದ ಆಸೆಗೆ ಅದನ್ನು ಮುರಿಯುತ್ತಾಳೆ. ಕಪಾಟಿನಲ್ಲಿ ಕೇಡನ್ನು ಹುಡುಕಿದ ಹುಡುಗಿಗೆ ಪಕ್ಕದಲ್ಲೇ ಕುಳಿತು ಮುದ್ದಾಗಿ ಮಾತನಾಡುತ್ತಿದ್ದ ಕೇಡು ಕಾಣಲಿಲ್ಲ. ಇದನ್ನು ಗದರಿಕೆಯ ಮಾತಿನಿಂದ ಹೇಳಿದ್ದರೆ ಯಾವ ಹುಡುಗಿ ಕೇಳುತ್ತಿದ್ದಳು? ಕ್ಯಾಥರಿನ್‌ಳನ್ನು ನೋಡಿ ನಗುವವಳು ಅರ್ಧ ತನ್ನನ್ನೇ ನೋಡಿ ನಗುತ್ತಾಳೆ, ಅದರಲ್ಲಿ ಅವಮಾನವಿಲ್ಲ. ಕೊನೆಯಲ್ಲಿ ಮದುವೆಯೂ ಉಂಟೆಂಬುದನ್ನು ಹೇಳಲೇಬೇಕಾಗಿಲ್ಲ.

ತಂದೆತಾಯಿಗಳಿಗೆ ಇನ್ನೊಂದು ಮಾತು. ಆಸ್ಟೆನ್‌ರ ಮನೆಯಲ್ಲಿ ಕಾದಂಬರಿಯನ್ನು ಯಾರೂ ಬಚ್ಚಿಟ್ಟು ಓದುತ್ತಿರಲಿಲ್ಲ. ತಮ್ಮ ಮನೆಯವರು ಅದಕ್ಕೆ ನಾಚುವವರಲ್ಲವೆಂದು ಜೇನ್ 1798ರಲ್ಲಿ ತನ್ನ ಅಕ್ಕನಿಗೆ ಬರೆದಳು. ತಂದೆಯವರಾದ ಜಾರ್ಜ್ ಆಸ್ಟೆನ್ ಪಾದ್ರಿಯವರು 1797ರಲ್ಲಿ ಮಗಳ ಬೇರೊಂದು ಕಾದಂಬರಿಗಾಗಿ ಲಂಡನ್ನಿನ ಪ್ರಕಾಶಕರಿಗೆ ತಾವೇ ಕಾಗದ ಬರೆದಿದ್ದರು, ಅದು ನಿರಾಕೃತವಾಯಿತು. ಪ್ರಸ್ತುತ ಗ್ರಂಥವನ್ನು 1803ರಲ್ಲಿ ಒಬ್ಬ ಪ್ರಕಾಶಕನು 10 ಪೌಂಡುಗಳಿಗೆ ಕೊಂಡು, ಅಚ್ಚು ಮಾಡದೆ ಇಟ್ಟುಕೊಂಡನು. 1816ರಲ್ಲಿ ಅಣ್ಣ ಹೆನ್ರಿಯು ಅದೇ 10 ಪೌಂಡು ಕೊಟ್ಟು ಬಿಡಿಸಿಕೊಂಡನು. ವ್ಯವಹಾರ ಮುಗಿದ ಮೇಲೆ, ಬರೆದವಳು ಆಗ ಹೆಸರುವಾಸಿಯಾಗಿದ್ದ 'ಪ್ರೈಡ್ ಅಂಡ್ ಪ್ರೆಜುಡಿಸ್' ಗ್ರಂಥದ ಕರ್ತ್ರಿಯೇ ಎಂದು ತಿಳಿಸಿದನಂತೆ. ಹೀಗೆಂದು ಆಕೆಯ ಸೋದರಳಿಯನು ಬರೆದ ಚರಿತ್ರೆಯಲ್ಲಿದೆ. ಪ್ರಕಾಶಕನ ಮುಖವು ಹೇಗಾಯಿತೋ! ಆದರೆ ಆಕೆಯು ಅಚ್ಚಾದ ಪುಸ್ತಕವನ್ನು ನೋಡಲಿಲ್ಲ. 1817ರ ಜುಲೈ 18ರಂದು, 41ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯಾಥರಿನ್‌ಳ ಕಥೆ ಹೊರಬಂದಿತು; ಅದರ ಮೊದಲಿಗೆ ಅಣ್ಣನು ಬರೆದ ಪರಿಚಯದಲ್ಲಿ, ಅದುವರೆಗೆ ಹೆಸರಿಲ್ಲದೆ ಬರೆಯುತ್ತಿದ್ದವಳ ಹೆಸರು ಅಚ್ಚಾಗಿತ್ತು.