ಮಗುಚಿದ ದೋಣಿಯೇ ಬಲಿಪೀಠ

ಅಕ್ಟೋಬರ್ 22ರಂದು ಧರ್ಮಸಭೆ ಸಂತ ಎರಡನೇ ಜಾನ್ ಪೌಲರ ಸ್ಮರಣೆಯನ್ನು ಆಚರಿಸುತ್ತದೆ. ಸಂತರ ಹಬ್ಬ ಸಾಮಾನ್ಯವಾಗಿ ಅವರು ಇಹಲೋಕ ತ್ಯಜಿಸಿದ ದಿನ ಬರುತ್ತದೆ. ಇವರ ವಿಷಯದಲ್ಲಿ ಹಾಗಲ್ಲ. 1978ರಲ್ಲಿ ಅವರು ಜಗದ್ಗುರುಗಳಾಗಿ ತಮ್ಮ ಸೇವೆಯನ್ನು ವಿಧ್ಯುಕ್ತವಾಗಿ ಆರಂಭಿಸಿದ ದಿನವೇ ಅವರ ಹಬ್ಬದ ದಿನವಾಗಿದೆ. ಆ ದಿನದ ಪ್ರಬೋಧನೆಗಳಲ್ಲಿ ಅವರ ಮೇಲೆ ನಡೆದ ಗುಂಡಿನ ದಾಳಿ, ಗುಂಡು ಹಾರಿಸಿದವನನ್ನು ಅವರು ಕ್ಷಮಿಸಿದ ರೀತಿ, ವಿಶ್ವ ಯುವಜನ ದಿನದ ಮಹಾಸಮಾವೇಶಗಳು ಎಲ್ಲವೂ ಪ್ರಸ್ತಾಪವಾಗುತ್ತವೆ. 1986ರ ಫೆಬ್ರವರಿ 6ರಂದು ಮಂಗಳೂರಿಗೆ ಬಂದಿದ್ದ ಅವರನ್ನು ದೂರದಿಂದಲಾದರೂ ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆದರೆ ಲಕ್ಷಾಂತರ ಜನರ ಮುಂದೆ ನಿಂತ ಆ ಜಗದ್ಗುರುವಿಗಿಂತ ಮೊದಲು, ಹತ್ತು ಹದಿನೈದು ಯುವಕ ಯುವತಿಯರೊಡನೆ ನದಿಯಲ್ಲಿ ಹುಟ್ಟು ಹಾಕುತ್ತಿದ್ದ ಒಬ್ಬ ಗುರುಗಳಿದ್ದರು. ಈ ಲೇಖನ ಅವರ ಕುರಿತಾದದ್ದು.

ಪೋಲೆಂಡ್ ದೇಶದ ಕ್ರಾಕೋವ್ ನಗರದ ಸಂತ ಫ್ಲೋರಿಯನ್ನರ ಧರ್ಮಕೇಂದ್ರಕ್ಕೆ ಗುರು ಕರೋಲ್ ವೊಯ್ತಿವರವರು 1949ರಲ್ಲಿ ಸಹಾಯಕ ಗುರುಗಳಾಗಿ ಬಂದರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ ತುಂಬುವುದರಲ್ಲಿತ್ತು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಆತ್ಮಿಕ ಆರೈಕೆ ಅವರ ಪಾಲಿಗೆ ಬಂದ ಹೊಣೆ. ಕಾಲ ಮಾತ್ರ ಬಹಳ ಕಠಿಣವಾದದ್ದು. ಕಮ್ಯುನಿಸ್ಟ್ ಸರ್ಕಾರ ಕಥೋಲಿಕ ಯುವಜನ ಸಂಘಗಳಿಗೆ ಅವಕಾಶ ಕೊಟ್ಟಿರಲಿಲ್ಲ. ದೇವಾಲಯದ ಗೋಡೆಯೊಳಗೆ ಪೂಜೆ ಮಾಡಬಹುದಿತ್ತು. ಗುರುಗಳೊಬ್ಬರು ಯುವಕರನ್ನು ಕೂಡಿಸಿಕೊಂಡು ಹೊರಗೆ ಹೋಗುವಂತಿರಲಿಲ್ಲ. ನಮಗೆ ಇಂದು ಪಿಕ್ನಿಕ್ ಎಂದರೆ ಬಸ್ಸಿನ ಬಾಡಿಗೆಯ ಚಿಂತೆ. ಅವರಿಗೆ ಅದು ಪೊಲೀಸರ ಚಿಂತೆ.

ದೇವಾಲಯದ ಗಾಯನ ವೃಂದದಲ್ಲಿ ಸೇರಿದ ಕೆಲವು ವಿದ್ಯಾರ್ಥಿಗಳಿಂದ ಈ ಬಳಗ ಮೊದಲಾಯಿತು. ಹಾಡು ಕಲಿಯಲು ಬಂದವರು ಪ್ರಾರ್ಥನೆಗೆ ಉಳಿದರು, ಆಮೇಲೆ ಭಾನುವಾರಗಳಲ್ಲಿ ಬೆಟ್ಟಗಳಿಗೆ ನಡೆದರು. ಒಂದು ವಸಂತದಲ್ಲಿ ಜಕೊಪಾನೆ ಬೆಟ್ಟಸೀಮೆಯಲ್ಲಿ ಅರಳುವ ಕ್ರೋಕಸ್ ಹೂಗಳನ್ನು, ಅಂದರೆ ನಮ್ಮ ಕೇಸರಿಯ ಜಾತಿಯ ಹೂಗಳನ್ನು, ನೋಡಲು ಹೊರಟಾಗ ಹುಡುಗರಿಗೆ ಪರೀಕ್ಷೆ ಎದುರಾಗಿ ಹುಡುಗಿಯರಷ್ಟೇ ಬಂದರು. ಗುರುಗಳು ನಿಲುವಂಗಿ ಬಿಟ್ಟು ಸಾಧಾರಣ ಉಡುಪಿನಲ್ಲಿ ರೈಲು ಹತ್ತಿದರು. ಜನರ ಮುಂದೆ ಅವರನ್ನು ‘ಫಾದರ್’ ಎಂದು ಕರೆದರೆ ಗುಟ್ಟು ರಟ್ಟಾಗುತ್ತದೆ. ಹಾಗಾದರೆ ಏನೆಂದು ಕರೆಯುವುದು? ‘ವೂಯೆಕ್’ ಎಂಬ ಹೆಸರು ನೆಲೆಯಾಯಿತು. ಪೋಲಿಷ್ ಭಾಷೆಯಲ್ಲಿ ಅದು ತಾಯಿಯ ಒಡಹುಟ್ಟಿದವನನ್ನು ಪ್ರೀತಿಯಿಂದ ಕರೆಯುವ ಪದ. ನಮ್ಮ ‘ಮಾಮ’ ಎಂಬುದಕ್ಕೆ ಬಹಳ ಹತ್ತಿರ.

ಮರೆಮಾಚಲು ಹುಟ್ಟಿದ ಈ ಹೆಸರು ನಿಜದ ಸಂಬಂಧವಾಗಿ ಬೆಳೆದದ್ದು ಗಮನಾರ್ಹ. ನಮ್ಮ ಮನೆಗಳಲ್ಲಿ ಸೋದರಮಾವನ ಸ್ಥಾನ ಎಂತಹುದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಅಪ್ಪನ ಮುಂದೆ ಆಡಲಾಗದ ಮಾತನ್ನು ಮಾವನ ಮುಂದೆ ಆಡಬಹುದು. ಮದುವೆಯ ದಿನ ಅವನಿಲ್ಲದೆ ಶಾಸ್ತ್ರ ಮುಂದೆ ಸಾಗದು. ವೊಯ್ತಿವರವರು ಆ ಬಳಗದ ಜೋಡಿಗಳಿಗೆ ವಿವಾಹ ಸಂಸ್ಕಾರ ನೀಡಿದರು, ಅವರ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟರು, ಅವರ ಮನೆಗಳಿಗೆ ಹೋಗಿ ಬಂದರು. ಮುಂದೆ ಆ ಗುಂಪಿಗೆ ‘ಸ್ರೊದೊವಿಸ್ಕೊ’ ಎಂಬ ಹೆಸರು ಬಂತು. ಸುತ್ತಣ ಪರಿಸರ ಎಂಬುದು ಅದರ ಅರ್ಥ. ಕನ್ನಡದಲ್ಲಿ ‘ಬಳಗ’ ಎಂದರೆ ಸಾಕು.

1953ರಿಂದ ನಡಿಗೆಯ ಜೊತೆಗೆ ಕಯಾಕ್ ಪ್ರವಾಸವೂ ಸೇರಿತು. ಕಯಾಕ್ ಎಂದರೆ ಇಬ್ಬರು ಒಬ್ಬರ ಹಿಂದೊಬ್ಬರು ಕೂತು ಹುಟ್ಟು ಹಾಕುವ ಕಿರುದೋಣಿ. ಉತ್ತರ ಪೋಲೆಂಡಿನ ನದಿ ಸರೋವರಗಳಲ್ಲಿ ದಿನಗಟ್ಟಲೆ ಸಾಗುವುದು, ಸಂಜೆ ದಡದಲ್ಲಿ ಗುಡಾರ ಹಾಕುವುದು, ಸೌದೆ ಆರಿಸಿ ಅಡುಗೆ ಮಾಡುವುದು. ಬೆಳಿಗ್ಗೆ ಒಂದು ದೋಣಿಯನ್ನು ಮಗುಚಿ ಹಾಕಿದರೆ ಅದೇ ಬಲಿಪೀಠ. ಎರಡು ಹುಟ್ಟುಗಳನ್ನು ಅಡ್ಡಡ್ಡ ಕಟ್ಟಿದರೆ ಅದೇ ಶಿಲುಬೆ. ಪೂಜೆ ಮುಗಿದ ಮೇಲೆ ದೋಣಿ ಮತ್ತೆ ನೀರಿಗೆ. ರಾತ್ರಿ ಬೆಂಕಿಯ ಸುತ್ತ ಹಾಡು, ಹರಟೆ, ವಾದ, ಪ್ರಾರ್ಥನೆ.

ಈ ಚಿತ್ರ ನೋಡಲು ಅಂದವಾಗಿದೆ. ಆದರೆ ಪ್ರವಾಸದ ಜೀವಾಳ ಇದ್ದದ್ದು ಹಗಲಿನ ಹೊತ್ತಿನಲ್ಲಿ. ಗುರುಗಳ ದೋಣಿಯಲ್ಲಿ ಇನ್ನೊಂದು ಸೀಟು ಇತ್ತಲ್ಲ, ಅದರಲ್ಲಿ ಕೂರುವವರು ಬದಲಾಗುತ್ತಿದ್ದರು. ಇಂದು ಒಬ್ಬ, ನಾಳೆ ಇನ್ನೊಬ್ಬಳು. ಗಂಟೆಗಟ್ಟಲೆ ಹುಟ್ಟು ಹಾಕುತ್ತಾ ಆ ಒಬ್ಬರೊಡನೆ ಮಾತು: ಓದು, ಕೆಲಸ, ಪ್ರೀತಿ, ಅನುಮಾನ, ದೇವರು. ಒಬ್ಬರ ಮುಖ ಒಬ್ಬರಿಗೆ ನೇರ ಕಾಣದಿದ್ದುದೂ ಅನುಕೂಲವೇ ಆಗಿರಬೇಕು. ಪಾಪನಿವೇದನೆಯ ಪೀಠದಲ್ಲಿ ಜಾಲರಿ ಇಟ್ಟವರಿಗೆ ಈ ಗುಟ್ಟು ಗೊತ್ತಿತ್ತು. ಅವರು ಹೆಚ್ಚು ಕೇಳುತ್ತಿದ್ದರು, ಕೊನೆಯ ತೀರ್ಮಾನವನ್ನು ಅವರವರಿಗೇ ಬಿಡುತ್ತಿದ್ದರು ಎಂದು ಬಳಗದವರು ನೆನೆದಿದ್ದಾರೆ. ಕಲಿಕೆ ಒಮ್ಮುಖವಾಗಿಯೂ ಇರಲಿಲ್ಲ. ಪ್ರೀತಿ ಮತ್ತು ದಾಂಪತ್ಯದ ಕುರಿತು ತಾವು ಬರೆಯುತ್ತಿದ್ದ ಗ್ರಂಥದ ಹಸ್ತಪ್ರತಿಯನ್ನು ಅವರು ಪ್ರವಾಸದಲ್ಲಿ ಈ ಯುವಜನರ ಮುಂದಿಟ್ಟು ಚರ್ಚಿಸಿದರು. 1960ರಲ್ಲಿ ಅದು ‘ಪ್ರೀತಿ ಮತ್ತು ಹೊಣೆಗಾರಿಕೆ’ ಎಂಬ ಅರ್ಥದ ಹೆಸರಿನಲ್ಲಿ ಪ್ರಕಟವಾಯಿತು.

ಬಳಗದಲ್ಲಿ ಯೆಝಿ ಚೆಶೆಲ್ಸ್ಕಿ ಎಂಬ ಎಂಜಿನಿಯರ್ ಇದ್ದರು. ನದಿ ಪ್ರವಾಸದ ರುಚಿಯನ್ನು ಗುರುಗಳಿಗೆ ಹತ್ತಿಸಿದವರಲ್ಲಿ ಅವರೂ ಒಬ್ಬರು. 1970ರಲ್ಲಿ ಸುಡಾನ್ ದೇಶದಲ್ಲಿ ನೈಲ್ ನದಿಯ ದೋಣಿ ದುರಂತದಲ್ಲಿ ಅವರು ತಮ್ಮ ಇಬ್ಬರು ಮಕ್ಕಳೊಂದಿಗೆ ತೀರಿಕೊಂಡರು. ಈ ಗೃಹಸ್ಥನನ್ನು ಧರ್ಮಸಭೆ 2013ರಲ್ಲಿ ಪೂಜ್ಯರೆಂದು ಘೋಷಿಸಿದೆ.

1958ರ ಘಟನೆಯೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆ ಬೇಸಿಗೆಯಲ್ಲಿ ಬಳಗ ವಿನಾ ನದಿಯಲ್ಲಿ ಸಾಗುತ್ತಿದ್ದಾಗ, ಕೂಡಲೇ ವಾರ್ಸಾಗೆ ಬರಬೇಕೆಂದು ಕಾರ್ಡಿನಲ್ ವಿಶಿನ್ಸ್ಕಿಯವರಿಂದ ಕರೆ ಬಂತು. ಗುರುಗಳು ದೋಣಿಯಲ್ಲಿ ರಸ್ತೆಯವರೆಗೆ ಬಂದು, ಹಿಟ್ಟಿನ ಮೂಟೆ ಹೇರಿದ್ದ ಲಾರಿ ಹತ್ತಿ, ರಾತ್ರಿಯ ರೈಲು ಹಿಡಿದರು. ಕೈಯಲ್ಲಿ ಹೆಮಿಂಗ್ವೇಯವರ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಕಾದಂಬರಿ ಇತ್ತು. ವಾರ್ಸಾದಲ್ಲಿ ತಿಳಿದ ಸುದ್ದಿ: ಕ್ರಾಕೋವಿನ ಸಹಾಯಕ ಧರ್ಮಾಧ್ಯಕ್ಷರಾಗಿ ತಮ್ಮ ನೇಮಕವಾಗಿದೆ. ವಯಸ್ಸು ಮೂವತ್ತೆಂಟು. ಅಷ್ಟು ಚಿಕ್ಕ ವಯಸ್ಸಿನವನಿಗೆ ಈ ಪದವಿಯೇ ಎಂದು ಅಳುಕಿದರು, ಒಪ್ಪಿಕೊಂಡರು. ಬಳಿಕ ಕ್ರಾಕೋವಿಗೆ ಹೋಗಿ ತಮ್ಮ ಮಹಾಧರ್ಮಾಧ್ಯಕ್ಷ ಬಜ್ಯಾಕರನ್ನು ಕಂಡು ಒಂದು ಕೋರಿಕೆ ಮುಂದಿಟ್ಟರು. ನನ್ನ ಯುವಕರು ನದಿಯ ಬಳಿ ಇದ್ದಾರೆ, ಅವರಿಗೆ ಪೂಜೆ ಅರ್ಪಿಸಲು ಹಿಂದಿರುಗಬಹುದೇ? ಅದು ಸರಿಯಾಗದು ಎಂಬುದು ಹಿರಿಯರ ಮೊದಲ ಉತ್ತರ. ಇವರು ದೇವಾಲಯಕ್ಕೆ ಹೋಗಿ ಶಿಲುಬೆಯ ಹಾದಿಯ ಪ್ರಾರ್ಥನೆ ಮಾಡಿ ಮತ್ತೆ ಬಂದರು, ಮತ್ತೆ ಕೇಳಿದರು. ಕೊನೆಗೆ ಅನುಮತಿ ದೊರೆಯಿತು. ಅಭಿಷೇಕದ ಹೊತ್ತಿಗಾದರೂ ಬಾ ಎಂಬ ನಗೆಮಾತಿನೊಂದಿಗೆ. ಸೆಪ್ಟೆಂಬರ್ 28ರಂದು ಅಭಿಷೇಕ ನಡೆಯಿತು. ಅದಕ್ಕೆ ಮೊದಲು ಅವರು ದೋಣಿಗೆ ಮರಳಿದ್ದರು. ಜಗದ್ಗುರುಗಳಾದ ಮೇಲೂ ಆ ಬಳಗದವರ ಪಾಲಿಗೆ ಅವರು ‘ವೂಯೆಕ್’ ಆಗಿಯೇ ಉಳಿದರು.

ಇದೇ ಮಾದರಿಯ ಇನ್ನೊಬ್ಬರನ್ನು 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೇ ಲಿಯೋರವರು ಸಂತರ ಸಾಲಿಗೆ ಸೇರಿಸಿದರು. ಇಟಲಿಯ ಟ್ಯೂರಿನ್ ನಗರದ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ, 1925ರಲ್ಲಿ ಇಪ್ಪತ್ತನಾಲ್ಕನೇ ವಯಸ್ಸಿಗೆ ಮಡಿದ ಎಂಜಿನಿಯರಿಂಗ್ ವಿದ್ಯಾರ್ಥಿ. ಪರ್ವತಾರೋಹಿ, ತುಂಟ, ಬಡವರ ಗೆಳೆಯ. ಗೆಳೆಯರ ಕೂಟಕ್ಕೆ ಇವರು ಇಟ್ಟ ಹೆಸರು ನಮ್ಮ ಮಾತಿನಲ್ಲಿ ‘ಪೋಕರಿಗಳ ಸಂಘ’ ಎಂದಂತೆ. ಇವರ ಬಗ್ಗೆ 1977ರಲ್ಲಿ ಕ್ರಾಕೋವಿನಲ್ಲಿ ಮೆಚ್ಚಿ ಮಾತನಾಡಿದವರು, 1990ರಲ್ಲಿ ಇವರನ್ನು ಪುನೀತರೆಂದು ಘೋಷಿಸಿದವರು ಅದೇ ವೊಯ್ತಿವರವರು ಎಂಬುದು ಆಕಸ್ಮಿಕವಲ್ಲ.

ನಮ್ಮಲ್ಲಿ ಕೆಲವರಿಗೆ ಇದೆಲ್ಲ ಗುರುಗಳಿಗೆ ತಕ್ಕದ್ದೇ ಎಂಬ ಸಂಶಯ ಬರಬಹುದು. ಶುಭಸಂದೇಶವನ್ನು ತೆರೆದು ನೋಡೋಣ. ಯೇಸುಸ್ವಾಮಿ ಸೀಮೋನನ ದೋಣಿಯಲ್ಲಿ ಕುಳಿತು ಬೋಧಿಸಿದರು. ಊಟಕ್ಕೂ ಬಿಡುವಿಲ್ಲದೆ ದಣಿದ ಶಿಷ್ಯರನ್ನು ಏಕಾಂತ ಸ್ಥಳಕ್ಕೆ ವಿಶ್ರಾಂತಿಗೆಂದು ಕರೆದೊಯ್ದರು, ಅದೂ ದೋಣಿಯಲ್ಲೇ. ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಕೊಟ್ಟರು. ಸಂತ ಯೊವಾನ್ನರ ಇಪ್ಪತ್ತೊಂದನೇ ಅಧ್ಯಾಯದಲ್ಲಿ ಒಂದು ಸಣ್ಣ ವಿವರ ಇದೆ. ನನ್ನನ್ನು ಪ್ರೀತಿಸುತ್ತೀಯಾ ಎಂದು ಪೇತ್ರನನ್ನು ಮೂರು ಸಲ ಕೇಳಿದ್ದು ಊಟ ಮುಗಿದ ಮೇಲೆ. ಹೊಟ್ಟೆ ತುಂಬಿ, ಬೆಂಕಿ ಆರುತ್ತಿರುವ ಹೊತ್ತು. ಅಂತಹ ಹೊತ್ತಿನಲ್ಲಿಯೇ ಮನುಷ್ಯನೊಳಗಿನ ಮಾತು ಹೊರಗೆ ಬರುತ್ತದೆ.

ನಾನು ಇದನ್ನು ತಡವಾಗಿ ತಿಳಿದೆ. ಹಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದ ಯುವಕರು ತಲಕಾಡಿಗೆ ಹೊರಟರು. ಕ್ರಿಸ್ತಜಯಂತಿಗೆ ಗೋದಲಿ ಕಟ್ಟಿದವರು, ಊರಹಬ್ಬಕ್ಕೆ ತೇರು ಸಿಂಗರಿಸಿದವರು, ಕುರ್ಚಿ ಹೊತ್ತವರು. ಅವರಿಗೊಂದು ದಿನ ಸಂತೋಷವಿರಲಿ ಎಂದು ಒಪ್ಪಿದೆ. ಐದೂವರೆಗೆ ಅವಸರದ ಪೂಜೆ, ಆರು ಗಂಟೆಗೆ ಬಸ್ಸು. ಹೋಗುವಾಗ ಅಂತ್ಯಾಕ್ಷರಿ, ಬರುವಾಗ ಅರ್ಧ ನಿದ್ದೆಯಲ್ಲಿ ಜಪಸರ. ನಾನು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಎರಡು ಸಲ ತಲೆ ಎಣಿಸಿದೆ. ಎಲ್ಲರೂ ಸುರಕ್ಷಿತವಾಗಿ ಮರಳಿದರು; ನನ್ನ ಲೆಕ್ಕದಲ್ಲಿ ಪ್ರವಾಸ ಯಶಸ್ವಿ.

ಮಧ್ಯಾಹ್ನ ಪುಳಿಯೋಗರೆ, ಕೋಳಿ ಸಾರು ಮುಗಿದ ಮೇಲೆ ಒಬ್ಬ ಹುಡುಗ ಹೊಳೆಯ ಅಂಚಿನಲ್ಲಿ ಒಬ್ಬನೇ ಪಾತ್ರೆ ತೊಳೆಯುತ್ತಿದ್ದ. ನಾನು ಹತ್ತಿರ ಹಾದಾಗ ತಲೆಯೆತ್ತಿ, “ಫಾದರ್, ಒಂದು ವಿಷಯ ಕೇಳ್ಬೇಕಿತ್ತು” ಎಂದ. ಅತ್ತ ಹುಡುಗರು ನೀರಿನಲ್ಲಿ ಆಳಕ್ಕೆ ಹೋಗುತ್ತಿದ್ದರು, ನನ್ನ ಗಮನವೆಲ್ಲ ಅವರ ಮೇಲೆ. “ಭಾನುವಾರ ಪೂಜೆ ಆದ್ಮೇಲೆ ಸಿಗಪ್ಪ, ಮಾತಾಡೋಣ” ಎಂದು ಮುಂದೆ ನಡೆದೆ. ಭಾನುವಾರ ಅವನು ಸಿಗಲಿಲ್ಲ. ಎರಡು ತಿಂಗಳಲ್ಲಿ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದ. ಮನೆಗೆ ಬಂದಾಗಲೂ ಪೂಜೆಗೆ ಬರುವುದಿಲ್ಲವೆಂದು ಅವನ ತಾಯಿ ಒಮ್ಮೆ ಕಣ್ಣೀರಿಟ್ಟರು. ಅವನು ಕೇಳಬೇಕೆಂದಿದ್ದುದು ಏನೆಂದು ನನಗೆ ಈಗಲೂ ತಿಳಿಯದು. ಸಾಲದ ವಿಷಯವಿರಬಹುದು, ಮನಸ್ಸಿಗೆ ಬಂದ ಹುಡುಗಿಯ ವಿಷಯವಿರಬಹುದು, ದೇವರ ವಿಷಯವೇ ಇರಬಹುದು. ನೀರಿಗಿಳಿದವರನ್ನು ನೋಡಿಕೊಳ್ಳಲು ಅಂದು ದೊಡ್ಡವರು ಇನ್ನೂ ಇಬ್ಬರಿದ್ದರು.

ಮೊನ್ನೆ ನಮ್ಮ ಯುವಕರ ಕಾರ್ಯದರ್ಶಿ ಈ ವರ್ಷದ ಪ್ರವಾಸದ ಪಟ್ಟಿ ಹಿಡಿದು ಬಂದಿದ್ದಳು. ಬಲಿಪೂಜೆಯನ್ನು ಹೊರಡುವ ಮುನ್ನ ಮುಗಿಸುವುದು ಬೇಡ, ಹೋದ ಜಾಗದಲ್ಲೇ ಧರ್ಮಾಧ್ಯಕ್ಷರ ಅನುಮತಿ ಪಡೆದು ಅರ್ಪಿಸೋಣ ಎಂದೆ. ಈಜು ಬಲ್ಲ ಹಿರಿಯರಿಬ್ಬರನ್ನು ನೀರಿನ ಕಾವಲಿಗೆಂದೇ ಕರೆಯಲು ಹೇಳಿದೆ. ಪಟ್ಟಿಯಲ್ಲಿ ಡ್ರೈವರ್ ಪಕ್ಕದ ಸೀಟಿಗೆ ಬರೆದಿದ್ದ ನನ್ನ ಹೆಸರನ್ನು ಹೊಡೆದು ಹಾಕಿಸಿದೆ. “ಮತ್ತೆ ನಿಮ್ಮ ಹೆಸರು ಎಲ್ಲಿ ಬರೀಲಿ ಫಾದರ್?” ಎಂದು ಕೇಳಿದಳು. ಪಾತ್ರೆ ತೊಳೆಯುವವರ ಸಾಲಿನಲ್ಲಿ ಬರಿ ಎಂದೆ.